ನಾಯಿಯ ಹೆರಿಗೆಗೆ ಬೀಗರ ಡಾಕ್ಟರು

ನಮ್ಮ ಕಡೆ ಯಾರೂ ಡಾಕ್ಟರನ್ನು ಆರಿಸುವುದಿಲ್ಲ, ಪರಿಚಯ ಹುಡುಕುತ್ತಾರೆ. ಮನೆಯಲ್ಲಿ ಒಬ್ಬರಿಗೆ ಎದೆನೋವು ಬಂದರೂ ಮೊದಲು ಏಳುವ ಪ್ರಶ್ನೆ ಯಾವ ದವಾಖಾನೆಯಲ್ಲಿ ಒಳ್ಳೆಯ ಡಾಕ್ಟರಿದ್ದಾರೆ ಎಂಬುದಲ್ಲ, ಯಾವ ದವಾಖಾನೆಯಲ್ಲಿ ನಮ್ಮವರಿದ್ದಾರೆ ಎಂಬುದು. ಕಂಪೌಂಡರ್ ಆದರೂ ಸರಿ, ಬಾಗಿಲಲ್ಲಿ ಚೀಟಿ ಬರೆಯುವವನಾದರೂ ಸರಿ, ನಮ್ಮವನೊಬ್ಬ ಇದ್ದಾನೆ ಎಂದರೆ ಅರ್ಧ ರೋಗ ವಾಸಿಯಾದ ಹಾಗೆ. ರೋಣಕ್ಕೆ ಸೊಸೆಯಾಗಿ ಬಂದಾಗಿನಿಂದ ಇದನ್ನು ನೋಡಿದ್ದೇನೆ, ಒಳಗೊಳಗೇ ನಕ್ಕಿದ್ದೇನೆ, ಸಮಯ ಬಂದಾಗ ನಾನೂ ಹಾಗೆಯೇ ಮಾಡಿದ್ದೇನೆ. ನನ್ನ ನಾಯಿ ಸತ್ತ ಮೇಲೆ ಮಾತ್ರ ಇದಕ್ಕೆ ನಗಲು ಆಗುತ್ತಿಲ್ಲ.

ನಾಯಿಗೆ ಹೆಸರಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಕೈ ಅಲ್ಲೇ ನಿಂತುಬಿಡುತ್ತದೆ. ಬಿಳಿ ಕೂದಲಿನ ಸಣ್ಣ ಪಾಮೇರಿಯನ್. ನಮ್ಮದು ಕಡಲೆ ವ್ಯಾಪಾರದ ಕೂಡುಕುಟುಂಬ. ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವನವರು, ಮನೆಗೂ ಅಂಗಡಿಗೂ ಹಿರಿಯರು. ಗಂಡಸರೆಲ್ಲ ಮುಂಜಾನೆಯೇ ಪೇಟೆಗೆ ಹೋದ ಮೇಲೆ ಆ ಮನೆಯಲ್ಲಿ ನನ್ನ ಮಾತು ಕೇಳುತ್ತಿದ್ದ ಜೀವ ಅದೊಂದೇ. ನಾನು ಜೋಳ ಹಸನು ಮಾಡಲು ಕೂತರೆ ಮೊರದ ಪಕ್ಕ ಬಂದು ಮಲಗುತ್ತಿತ್ತು. ಯಾರಾದರೂ ನನ್ನ ಮೇಲೆ ದನಿ ಏರಿಸಿದರೆ, ಅವರು ಯಾರೇ ಇರಲಿ, ಎದ್ದು ಬೊಗಳುತ್ತಿತ್ತು. ಅಷ್ಟು ಧೈರ್ಯ ನನಗೆ ಎಂದೂ ಬರಲಿಲ್ಲ.

ಅದು ಬಸಿರಾದದ್ದು ಹಿತ್ತಲ ಓಣಿಯ ಕಂದು ಬಣ್ಣದ ಬೀದಿನಾಯಿಯಿಂದ. ಆ ನಾಯಿ ಇದರ ಮೂರುಪಟ್ಟು ಇತ್ತು. ಹೊಟ್ಟೆ ಇಳಿಬಿದ್ದಾಗ ನನಗೆ ಭಯ ಶುರುವಾಯಿತು. ಮರಿಗಳು ಅಪ್ಪನ ಹಾಗೆ ದೊಡ್ಡವಿದ್ದರೆ ಈ ಸಣ್ಣ ಮೈಯಿಂದ ಹೊರಬರುವುದು ಹೇಗೆ? ಮನೆಯಲ್ಲಿ ಈ ಮಾತು ತೆಗೆದರೆ ನಗುತ್ತಿದ್ದರು. ಹಾಗಾಗಿ ಕನ್ನಡಕ ಬದಲಿಸುವ ನೆಪ ಮಾಡಿ ಗದಗಿಗೆ ಬಸ್ಸು ಹತ್ತಿದೆ. ಸಾಕುಪ್ರಾಣಿಗಳ ದವಾಖಾನೆಗಳನ್ನು ಕೇಳಿ ಕೇಳಿ ಹುಡುಕಿದೆ. ಒಂದು ಕಡೆ ನಾಯಿಗಳಿಗೆ ಕೂದಲು ಕತ್ತರಿಸಿ ಸ್ನಾನ ಮಾಡಿಸುವುದೇ ಹೆಚ್ಚಿತ್ತು, ಡಾಕ್ಟರು ಸಂಜೆಗೊಮ್ಮೆ ಬಂದು ಹೋಗುತ್ತಿದ್ದರಂತೆ. ಇನ್ನೊಂದು ಕಡೆ ಒಬ್ಬ ಡಾಕ್ಟರಮ್ಮ ಕುಂಟುವ ನಾಯಿಯೊಂದರ ಕಾಲು ನೋಡಲು ನೆಲದ ಮೇಲೆಯೇ ಕೂತಿದ್ದಳು. ಅವಳು ಹಾಗೆ ಕೂತದ್ದನ್ನು ನೋಡಿಯೇ ನನ್ನ ಮನಸ್ಸು ನಿರ್ಧಾರ ಮಾಡಿತು. ಆದರೂ ಪಾತ್ರೆ ಕೊಳ್ಳುವವಳ ಹಾಗೆ ತಟ್ಟಿ ನೋಡಿದೆ.

"ಆಪರೇಷನ್ ಇಲ್ಲೇ ಮಾಡ್ತೀರೇನ್ರಿ? ರವಿವಾರನೂ ಇರ್ತೀರೇನ್ರಿ? ನೀವು ಇರ್ಲಿಲ್ಲಂದ್ರ ಯಾರ್ ನೋಡ್ತಾರ್ರಿ?"

ಅವಳು ಎಲ್ಲದಕ್ಕೂ ಬೇಸರವಿಲ್ಲದೆ ಉತ್ತರ ಕೊಟ್ಟಳು. ಒಳಗಿನ ಮೇಜು, ಅದರ ಮೇಲಿನ ದೀಪ, ಹೊಟ್ಟೆಯೊಳಗೆ ನೋಡುವ ಯಂತ್ರ ತೋರಿಸಿದಳು. ಹೊರಡುವಾಗ ಒಂದು ಮಾತು ಹೇಳಿದಳು. "ಎರಡ್ ತಾಸ್ ತಿಣುಕಿದ್ರೂ ಮರಿ ಬರ್ಲಿಲ್ಲಂದ್ರ ಕಾಯಬ್ಯಾಡ್ರಿ. ಮರಿ ಬರೂಕಿಂತ ಮದ್ಲ ಹಸರ ನೀರು ಕಂಡ್ರಂತೂ ಒಂದ್ ನಿಮಿಷನೂ ಕುಂದ್ರಬ್ಯಾಡ್ರಿ. ನನಗ ಫೋನ್ ಹಚ್ಚಿ ಹೊಂಟಬಿಡ್ರಿ, ನಾ ತಯಾರಿ ಮಾಡ್ಕೊಂಡಿರ್ತೀನಿ." ನಂಬರನ್ನು ಫೋನಿನಲ್ಲಿ ಉಳಿಸಿಕೊಂಡೆ. ಮನೆಗೆ ಬಂದು ಹೊಸ ಕನ್ನಡಕ ತೋರಿಸಿದೆ, ದವಾಖಾನೆಯ ಸುದ್ದಿ ಎತ್ತಲಿಲ್ಲ.

ಆ ದಿನ ಸೋಮವಾರ. ನಸುಕಿನಲ್ಲಿ ನನ್ನ ಮಂಚದ ಕೆಳಗೆ ನಾಯಿ ನೆಲ ಕೆರೆಯುವ ಸದ್ದು ಕೇಳಿತು. ಹೊತ್ತು ಏರುವವರೆಗೆ ತಿಣುಕಿತು, ಒಂದು ಮರಿಯೂ ಬರಲಿಲ್ಲ. ಎಂಟು ಗಂಟೆಯ ಸುಮಾರಿಗೆ ಹಾಸಿದ್ದ ಹಳೆಯ ಸೀರೆಯ ಮೇಲೆ ಹಸಿರು ಕಲೆ ಕಂಡಿತು. ನನ್ನ ಗಂಡ ಕಡಲೆಯ ಕೆಲಸಕ್ಕೆ ನರಗುಂದಕ್ಕೆ ಹೋಗಿದ್ದರು. ಫೋನ್ ಮಾಡಿದರೆ, "ಅಣ್ಣಗ ಹೇಳು, ಅಂವ ಹ್ಯಾಂಗ ಹೇಳ್ತಾನ ಹಂಗ ಮಾಡು," ಎಂದು ಇಟ್ಟುಬಿಟ್ಟರು.

ಭಾವನವರು ನಾಷ್ಟಾಕ್ಕೆ ಕೂತಿದ್ದರು. ವಿಷಯ ಕೇಳಿದವರೇ ತಟ್ಟೆ ಬಿಟ್ಟು ಎದ್ದರು. ಕೆಟ್ಟವರಲ್ಲ ಅವರು, ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಊರಿನ ದನದ ದವಾಖಾನೆಯಲ್ಲಿ ವಿಚಾರಿಸಿದರು. ನಮ್ಮಲ್ಲಿ ಸೋಮವಾರ ಎತ್ತುಗಳಿಗೆ ನೊಗ ಹಾಕುವುದಿಲ್ಲ. ಬಿಡುವು ಸಿಕ್ಕಿತೆಂದು ಸುತ್ತಲಿನ ಹಳ್ಳಿಯವರೆಲ್ಲ ಅವತ್ತೇ ಎತ್ತುಗಳನ್ನು ಹೊಡೆದುಕೊಂಡು ಬಂದಿರುತ್ತಾರೆ. ಡಾಕ್ಟರು ದನಗಳಿಗೆ ಸೂಜಿ ಹಾಕಲು ಹೊಳೆಮಣ್ಣೂರಿನ ಕಡೆ ಹೋಗಿದ್ದಾರೆ, ಬಂದ ಮೇಲೂ ಎತ್ತುಗಳ ಸರದಿ ಮುಗಿಯಬೇಕು ಎಂದು ತಿಳಿಯಿತು.

"ಭಾವಾರ, ಗದಗಕ್ಕ ಹೋಗೂಣ್ರಿ. ಅಲ್ಲೆ ಒಂದು ನಾಯಿ ದವಾಖಾನಿ ಐತ್ರಿ," ಎಂದೆ.

"ಅಲ್ಲೆ ನಮ್ಮವರು ಯಾರದಾರವಾ?"

"ಯಾರೂ ಇಲ್ರಿ. ಡಾಕ್ಟರ್ ಅದಾರ್ರಿ."

ಅವರು ನನ್ನನ್ನು ಕನಿಕರದಿಂದ ನೋಡಿದರು. "ಗುರುತಿಲ್ಲ ಪರಿಚಯಿಲ್ಲ, ಯಾರ್ ನೋಡ್ತಾರ ನಮ್ಮನ್ನ? ಗಜೇಂದ್ರಗಡದಾಗ ನಮ್ಮ ಬೀಗರ ಅದಾರಲ್ಲ. ಜೀವಮಾನ ಎಲ್ಲಾ ದನದ ಡಾಕ್ಟರ್ ಆಗಿದ್ದವರು." ಹೇಳುತ್ತಲೇ ಫೋನ್ ಹಚ್ಚಿದ್ದರು. ಆ ಕಡೆಯಿಂದ ದೊಡ್ಡ ದನಿ ನನಗೂ ಕೇಳಿಸಿತು. "ಬರ್ರಿ, ಬರ್ರಿ ಬೀಗರ! ನಾ ಅದೀನಲ್ಲ!"

ಆ ಮಾತಿನೊಂದಿಗೆ ಗದಗಿನ ದಾರಿ ಮುಚ್ಚಿಹೋಯಿತು. ಭಾವನವರ ಒಬ್ಬಳೇ ಮಗಳನ್ನು ಆ ಮನೆಗೆ ಕೊಟ್ಟು ಇನ್ನೂ ಎರಡು ವರ್ಷವಾಗಿರಲಿಲ್ಲ. ಬೀಗರಿಗೆ ಫೋನ್ ಹಚ್ಚಿ, ಅವರು ಬಾ ಎಂದ ಮೇಲೆ ಬೇರೆ ಕಡೆ ಹೋದರೆ, ನಿಮ್ಮ ವಿದ್ಯೆಯ ಮೇಲೆ ನಮಗೆ ನಂಬಿಕೆಯಿಲ್ಲ ಎಂದು ಮುಖಕ್ಕೆ ಹೇಳಿದಂತೆ. ಅದಕ್ಕೆ ಮಾತು ಕೇಳಬೇಕಾದವಳು ಆ ಮನೆಯಲ್ಲಿ ರೊಟ್ಟಿ ಬಡಿಯುತ್ತ ಕೂತ ನಮ್ಮ ಹುಡುಗಿ. ಇದೆಲ್ಲ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಂಬರು ನನ್ನ ಫೋನಿನಲ್ಲಿತ್ತು, ಫೋನು ನನ್ನ ಕೈಯಲ್ಲಿತ್ತು. ಒತ್ತಲಿಲ್ಲ. ನಾಯಿಯನ್ನು ಸೀರೆಯಲ್ಲಿ ಸುತ್ತಿಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಕೂತೆ.

ಪೇಟೆ ದಾಟುವ ಮೊದಲು ಕಾರು ನಿಂತಿತು. ಬೀಗರ ಮನೆಗೆ ಬರಿಗೈಲಿ ಹೋಗುವುದು ಹೇಗೆ? ಭಾವನವರು ಇಳಿದು ಬಾಳೆಹಣ್ಣು ಆರಿಸಿದರು, ಪೇಢೆ ಕಟ್ಟಿಸಿದರು, ಮಗಳಿಗೆಂದು ಮೊಳಗಟ್ಟಲೆ ಮಲ್ಲಿಗೆ ತಂದರು. ಅಂಗಡಿಯವನು ಹೂವನ್ನು ಎಲೆಯಲ್ಲಿ ಸುತ್ತುವುದನ್ನು ನಾನು ಗಾಜಿನೊಳಗಿಂದ ನೋಡುತ್ತಿದ್ದೆ. ಅವನಿಗೆ ಅವಸರವಿರಲಿಲ್ಲ. ತೊಡೆಯ ಮೇಲೆ ನಾಯಿ ಒಮ್ಮೆ ಮೈಯನ್ನೆಲ್ಲ ಬಿಗಿ ಹಿಡಿದು ತಿಣುಕಿತು, ಆಮೇಲೆ ನನ್ನ ಮುಖ ನೋಡಿತು.

ಗಜೇಂದ್ರಗಡದ ಗುಡ್ಡ ಕಂಡಾಗ ಅದು ತಿಣುಕುವುದು ಕಡಿಮೆಯಾಗಿತ್ತು. ಭಾವನವರು ಅದನ್ನು ಒಳ್ಳೆಯ ಲಕ್ಷಣ ಎಂದುಕೊಂಡರು. ನನಗೆ ಹಾಗನ್ನಿಸಲಿಲ್ಲ.

ಬೀಗರು ಗೇಟಿನಲ್ಲೇ ನಿಂತಿದ್ದರು. ಕಾರಿನೊಳಗೆ ಬಗ್ಗಿ ನಾಯಿಯ ಹೊಟ್ಟೆ ಮುಟ್ಟಿದರು. "ಆಗ್ತೈತಿ, ಆಗ್ತೈತಿ. ಎಂಥೆಂಥಾ ಎಮ್ಮಿ ಬಾಣಂತನ ಮಾಡೀವಿ, ಇದೇನ್ ದೊಡ್ಡದು. ಮದ್ಲ ಒಳಗ ಬರ್ರಿ." ಪಡಸಾಲೆಯ ಮೂಲೆಯಲ್ಲಿ ಚೀಲ ಹಾಸಿ ನಾಯಿಯನ್ನು ಮಲಗಿಸಿದೆ. ಕಾಲಿಗೆ ನೀರು ಕೊಟ್ಟರು. ಕುರ್ಚಿ ಹಾಕಿದರು. ಒಗ್ಗರಣೆ ಹಾಕಿದ ಚುನಮರಿ, ಅದೇ ಮಂಡಕ್ಕಿ, ತಟ್ಟೆಯಲ್ಲಿ ಬಂತು, ಮೇಲೊಂದು ಮಿರ್ಚಿ. "ಸ್ವಲ್ಪ ತಗೊಳ್ರಿ, ಅಷ್ಟರಾಗ ನಾ ಬಿಸಿನೀರು ಕಾಸಾಕ ಹೇಳ್ತೀನಿ," ಎಂದ ಬೀಗರು, ಭಾವನವರ ಎದುರಿಗೆ ಕೂತು ಈ ಸಲದ ಕಡಲೆ ಹೇಗಿದೆ ಎಂದು ಕೇಳಿದರು. ಅವರು ಕೇಳಿದ್ದಕ್ಕೆ ಇವರು ಹೇಳಿದರು. ಹೇಳದೆ ಏನು ಮಾಡುತ್ತಾರೆ?

ನಾನು ಚುನಮರಿ ಮುಟ್ಟಲಿಲ್ಲ. ಚಹಾ ತಂದವಳು ನಮ್ಮ ಹುಡುಗಿ. ಮೂಲೆಯಲ್ಲಿ ಬಾಯಿ ತೆರೆದು ತೇಕುತ್ತಿದ್ದ ನಾಯಿಯನ್ನು ನೋಡಿದಳು, ತವರಿಗೆ ಬಂದಾಗಲೆಲ್ಲ ಅದನ್ನು ಎತ್ತಿಕೊಂಡೇ ತಿರುಗುತ್ತಿದ್ದವಳು. ಕಪ್ಪು ಕೊಡುವ ನೆಪದಲ್ಲಿ ಬಗ್ಗಿ ಮೆಲ್ಲಗೆ ಅಂದಳು. "ಚಿಗವ್ವ, ಚಹಾ ಒಂದ್ ಕುಡದಬಿಡು. ಅದನ್ನೂ ಬಿಟ್ರ ನಮ್ಮತ್ತಿ ತಪ್ಪ ತಿಳಕೋತಾರ."

ಕುಡಿದೆ. ಸುಡುತ್ತಿತ್ತು, ಬಶಿಗೆ ಸುರಿದುಕೊಂಡು ಆರಿಸಿ ಆರಿಸಿ ಕುಡಿದೆ. ಯಾಲಕ್ಕಿ ಹಾಕಿದ ಒಳ್ಳೆಯ ಚಹಾ. ಅದರ ರುಚಿ ನನಗೆ ಇವತ್ತಿಗೂ ನೆನಪಿದೆ, ಅದಕ್ಕಾಗಿ ನನ್ನ ಮೇಲೆಯೇ ನನಗೆ ಹೇಸಿಗೆಯಾಗುತ್ತದೆ.

ಕೊನೆಗೆ ಬೀಗರು ತೋಳು ಮಡಚಿ ಸಾಬೂನು ಹಚ್ಚಿಕೊಂಡು ಕೂತರು. ಎಷ್ಟೋ ಕರುಗಳನ್ನು ಎಳೆದು ಬದುಕಿಸಿದ ಕೈ ಅದು, ಅದರಲ್ಲಿ ಸುಳ್ಳಿಲ್ಲ. ಆದರೆ ಅವರ ಬೆರಳುಗಳು ಈ ನಾಯಿಗೆ ದಪ್ಪವಾಗಿದ್ದವು. ಒಮ್ಮೆ ನೋಡಿದರು, ಇನ್ನೊಮ್ಮೆ ನೋಡಿದರು. ನಾಯಿ ಒದರಿತು. ಅವರು ಕೈ ಹಿಂದೆಗೆದುಕೊಂಡಾಗ ಹಣೆಯಲ್ಲಿ ಬೆವರಿತ್ತು, ಫೋನಿನಲ್ಲಿ ಕೇಳಿದ್ದ ದೊಡ್ಡ ದನಿ ಇರಲಿಲ್ಲ.

"ಖರೇ ಹೇಳ್ತೀನ್ರಿ ಬೀಗರ, ನಾಯಿದು ನಾ ಎಂದೂ ಮಾಡಿಲ್ಲ. ಮರಿ ಅಡ್ಡ ಸಿಕ್ಕೊಂಡೈತಿ, ಹೊಟ್ಟಿ ಕೊಯ್ದ ತಗೀಬೇಕು. ಆ ಸಾಮಾನು ನನ್ನ ಕಡೆ ಇಲ್ಲ. ಗದಗಕ್ಕ ಒಯ್ರಿ." ನೆಲ ನೋಡುತ್ತ ಸೇರಿಸಿದರು. "ನೀವು ಫೋನ್ ಹಚ್ಚಿ ಕೇಳಿದ್ರಿ. ಇಲ್ಲ ಅನ್ನಾಕ ಬಾಯಿ ಬರ್ಲಿಲ್ಲ."

ಭಾವನವರಿಗೆ ಉಪಚಾರ ಬೇಡ ಎನ್ನಲು ಬಾಯಿ ಬರಲಿಲ್ಲ, ಬೀಗರಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ, ನನಗಂತೂ ಬಾಯಿ ಇದೆಯೆಂಬುದೇ ಆ ಮನೆತನಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮರ್ಯಾದಸ್ಥರು ನಾವೆಲ್ಲ. ನಡುವೆ ಒಂದು ಮೂಕಪ್ರಾಣಿ ಸಾಯುತ್ತಿತ್ತು.

ನಾಯಿಯನ್ನು ಎತ್ತಿಕೊಂಡು ಓಡಿದೆ. ಕಾರು ಶುರುವಾಗಿತ್ತು, ಬೀಗತಿ ಅವಸರದಿಂದ ಹೊರಗೆ ಬಂದು ಕಿಟಕಿ ಇಳಿಸಲು ಕೈ ಮಾಡಿದರು. ಮುತ್ತೈದೆಯನ್ನು ಹಾಗೆಯೇ ಕಳಿಸುತ್ತಾರೆಯೇ? ಕಿಟಕಿಯೊಳಗೆ ಕೈ ಚಾಚಿ ಹಣೆಗೆ ಕುಂಕುಮ ಹಚ್ಚಿದರು, ಕುಪ್ಪಸದ ಖಣವೊಂದನ್ನು ಉಡಿಯಲ್ಲಿಡಲು ಹೋದರು. ಉಡಿಯಲ್ಲಿ ಜಾಗವಿರಲಿಲ್ಲ, ಅಲ್ಲಿ ನಾಯಿಯಿತ್ತು. ಅದರ ಹೊಟ್ಟೆಯ ಮೇಲೆಯೇ ಇಟ್ಟರು.

ಗದಗಿಗೆ ಹೋಗುವ ನರೇಗಲ್ಲ ದಾರಿಯಲ್ಲಿ, ಮುಂಜಾನೆಯೇ ಹಚ್ಚಬೇಕಾಗಿದ್ದ ಫೋನನ್ನು ಹಚ್ಚಿದೆ. ಎಷ್ಟು ಹೊತ್ತಾಯಿತು ಎಂದು ಡಾಕ್ಟರಮ್ಮ ಕೇಳಿದಳು. ಹೇಳಿದೆ. "ಲಗೂ ಬರ್ರಿ," ಎಂದಳು. ನಾವು ಮುಟ್ಟುವಷ್ಟರಲ್ಲಿ ಬಾಗಿಲಲ್ಲೇ ನಿಂತಿದ್ದಳು. ನಮ್ಮ ಹೆಸರು ಕೇಳಲಿಲ್ಲ, ಯಾರ ಪೈಕಿ ಎಂದು ಕೇಳಲಿಲ್ಲ. ನಾಯಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಓಡಿದಳು.

ಮೂರು ಮರಿಗಳಿದ್ದವು, ಮೂರೂ ಸತ್ತಿದ್ದವು. ಹೊಲಿಗೆ ಹಾಕುವಾಗ ತಾಯಿಯೂ ಹೋಯಿತು. ಹೊರಗೆ ಬಂದ ಡಾಕ್ಟರಮ್ಮ ಕೈಗವಸು ಕಳಚುತ್ತ ನನ್ನ ಮುಖ ನೋಡಿದಳು, ಗುರುತು ಹಿಡಿದಳು. "ನೀವು ಮದ್ಲ ಒಮ್ಮೆ ಬಂದಿದ್ರಿ. ನಿಮಗ ಎಲ್ಲಾ ಹೇಳಿದ್ನಲ್ರಿ. ಇಷ್ಟ್ ಹೊತ್ತು ಎಲ್ಲಿದ್ರಿ?"

"ರಸ್ತಾ ಭಾಳ ಕೆಟ್ಟೈತ್ರಿ, ಅದಕ್ಕ ಟೈಮ್ ಹಿಡೀತು," ಎಂದರು ಭಾವನವರು. ರಸ್ತೆ ಚೆನ್ನಾಗಿಯೇ ಇತ್ತು. ಅವಳು ಅವರ ಕಡೆ ತಿರುಗಲಿಲ್ಲ, ನನ್ನ ಉತ್ತರಕ್ಕೆ ಕಾದಳು. ನಾನು ತಲೆ ತಗ್ಗಿಸಿದೆ.

ರೋಣದ ದಾರಿ ಹಿಡಿದಾಗ ಮಧ್ಯಾಹ್ನದ ಬಿಸಿಲು ನೆತ್ತಿ ದಾಟಿತ್ತು. ನಾಯಿ ಅದೇ ಸೀರೆಯಲ್ಲಿ, ಅದೇ ತೊಡೆಯ ಮೇಲೆ ಇತ್ತು. ಕನ್ನಡಿಯಲ್ಲಿ ಭಾವನವರ ಕಣ್ಣು ಒದ್ದೆಯಾಗಿದ್ದು ಕಂಡಿತು. ಅಷ್ಟರಲ್ಲಿ ಬೀಗರ ಫೋನ್ ಬಂತು. ಭಾವನವರು ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಮಾತಾಡಿದರು. "ಹೌದ್ರಿ, ಹೋತ್ರಿ... ಏ, ನಿಮ್ದೇನ್ ತಪ್ಪ್ರಿ? ನೀವು ನಿಮ್ಮ ಕೈಲಾದಷ್ಟು ಮಾಡಿದ್ರಿ... ಅದಾಳ್ರಿ, ಕೊಡ್ತೀನ್ರಿ." ಫೋನನ್ನು ಹಿಂದಕ್ಕೆ ಚಾಚಿದರು. "ಮಾತಾಡವಾ. ಭಾಳ ಮನಸಿಗೆ ಹಚ್ಕೊಂಡಾರ."

ಫೋನು ಕಿವಿಗಿಟ್ಟುಕೊಂಡೆ. ಹೇಳಬೇಕಾದದ್ದೆಲ್ಲ ಗಂಟಲಿನ ತನಕ ಬಂತು. ಆ ಕಡೆ ಬೀಗರು ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ಅವರ ಹಿಂದೆ, ಅಡುಗೆಮನೆಯಲ್ಲಿ, ಯಾರೋ ರೊಟ್ಟಿ ಬಡಿಯುತ್ತಿದ್ದರು.

"ನಿಮ್ಮಿಂದ ಭಾಳ ಉಪಕಾರ ಆತ್ರಿ," ಎಂದೆ.

"ಅಯ್ಯ, ಉಪಕಾರ ಏನ್ ಬಂತ್ರಿ. ಇವತ್ತ ಊಟನೂ ಮಾಡಲಾರದ ಹೋದ್ರಿ. ಒಂದಿನ ಪುರಸೊತ್ತ ಮಾಡ್ಕೊಂಡು ಬರಬೇಕ್ರಿ ಮತ್ತ."

"ಬರ್ತೀವ್ರಿ," ಎಂದೆ.