ಎಡಗಾಲಿನ ಭಾರ

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರನ್ನು ಕಂಡು ನಗುತ್ತಿದ್ದವನು ನಾನು. ಹೆಂಡತಿಯ ಕರಿಮಣಿ ಸರ ಹೋದ ಮೇಲೆ ನಾನೇ ಒಂದಲ್ಲ, ಎರಡು ಪಿಸ್ತೂಲು ಕೊಂಡೆ.

ಸ್ಯಾನ್ ಹೊಸೆಯಲ್ಲಿ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಒಂದು ಕೆರೆ, ಅದರ ಸುತ್ತ ಪಾರ್ಕು. ಭಾನುವಾರ ಬೆಳಿಗ್ಗೆ ಅಲ್ಲಿ ವಾಕಿಂಗು ಮುಗಿಸಿ ನಾನು ಕಾರಿನಲ್ಲಿ ಕೂತು ಬೆಲ್ಟು ಹಾಕಿಕೊಂಡಿದ್ದೆ. ಅವಳು ಬಾಗಿಲ ಬಳಿ ನಿಂತು ಶೂಸಿನೊಳಗೆ ಸೇರಿದ್ದ ಕಲ್ಲನ್ನು ಕೊಡವುತ್ತಿದ್ದಳು. ಒಬ್ಬ ದಾರಿ ಕೇಳುವವನಂತೆ ಹತ್ತಿರ ಬಂದ. ನೋಡುನೋಡುತ್ತಿದ್ದಂತೆ ಸರ ಅವನ ಕೈಯಲ್ಲಿತ್ತು, ಅವಳು ನೆಲದ ಮೇಲಿದ್ದಳು. ಬೆಲ್ಟು ಬಿಚ್ಚಲು ಕೈ ಇಟ್ಟವನು ಇಟ್ಟಲ್ಲೇ ಇಟ್ಟುಕೊಂಡು ಕೂತಿದ್ದೆ. ಅವನು ಗಾಜಿನ ಮೂಲಕ ನನ್ನನ್ನು ಒಂದು ಸಲ ನೋಡಿದ. ಇವನು ಇಳಿದು ಬರುವ ಪೈಕಿ ಅಲ್ಲ ಎಂದು ಅವನಿಗೆ ಗೊತ್ತಾಯಿತು. ಓಡಲಿಲ್ಲ, ನಡೆದುಕೊಂಡೇ ಹೋದ.

ಅವಳ ಕುತ್ತಿಗೆಯ ಗಾಯ ಹದಿನೈದು ದಿನಕ್ಕೆ ಮಾಯಿತು. ಹೊಸ ಸರ ಮಾಡಿಸಿಕೊಳ್ಳದೆ ಅರಿಶಿನದ ಕೊಂಬು ಕಟ್ಟಿದ ದಾರ ಹಾಕಿಕೊಂಡು, "ಇದನ್ನ ಯಾರು ಕಿತ್ಕೋತಾರೆ ಬಿಡಿ" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಅವಳು ಒಂದು ದಿನವೂ "ನೀವ್ಯಾಕೆ ಇಳೀಲಿಲ್ಲ" ಎಂದು ಕೇಳಲಿಲ್ಲ. ಕೇಳಿ ಬೈದಿದ್ದರೆ ನಾನು ಸರಿಹೋಗುತ್ತಿದ್ದೆನೇನೋ.

ಪಿಸ್ತೂಲಿನ ತರಗತಿಗೆ ಹೋದೆ, ಪರೀಕ್ಷೆ ಬರೆದೆ, ಬೆರಳಚ್ಚು ಕೊಟ್ಟೆ, ತಿಂಗಳುಗಟ್ಟಲೆ ಕಾದೆ, ಬಟ್ಟೆಯೊಳಗೆ ಮರೆಮಾಡಿ ಒಯ್ಯುವ ಪರವಾನಗಿ ಪಡೆದೆ. ಮೊದಲನೆಯ ಪಿಸ್ತೂಲು ಮನೆಗೆ ಬಂದ ದಿನ ಹೆಂಡತಿ, "ಬೀನ್ಸ್ ಹೆಚ್ಚೋಕೆ ಕೊಟ್ರೆ ಬೆರಳು ಕುಯ್ಕೋತೀರ. ನಿಮಗೆ ಇದು ಬೇರೆ ಕೇಡು" ಎಂದಳು. ಅದನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದೆ. ಮನೆಗೆ ಬಂದರೆ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕುತ್ತಿದ್ದೆ. ಅದು ಅವಳಿಗೆ ಗೊತ್ತಿತ್ತು.

ಎರಡನೆಯದು ಅವಳಿಗೆ ಗೊತ್ತಿರಲಿಲ್ಲ. ಕೈ ಕೈ ಮಿಲಾಯಿಸಿದಾಗ ಎದುರಿನವನು ಸೊಂಟದ್ದನ್ನು ಕಿತ್ತುಕೊಳ್ಳಬಹುದು, ಅಥವಾ ಅದು ಕೈ ಕೊಡಬಹುದು, ಆಗ ಚಿಕ್ಕದೊಂದು ಕಾಲಲ್ಲಿರಲಿ ಎಂದು ತರಗತಿಯ ಮಾಸ್ತರರು ಹೇಳಿದ್ದರು. ಬೇರೆಯವರು ಕೇಳಿ ಸುಮ್ಮನಾದರು. ನನಗೆ ಮಾತ್ರ ಅದು ವೇದವಾಕ್ಯದಂತೆ ಕೇಳಿತು. ರೆಡ್‌ವುಡ್ ಸಿಟಿಯ ಆಫೀಸಿನಲ್ಲಿ ಇಪ್ಪತ್ತು ವರ್ಷದಿಂದ ನನ್ನ ಕೆಲಸವೇ ಅದು. ಕಂಪನಿಯ ದತ್ತಾಂಶಕ್ಕೆ ಎರಡನೆಯ ಪ್ರತಿ ಇಡುವುದು, ಮೊದಲನೆಯದು ಕೆಡುತ್ತದೆ ಎಂದೇ ನಂಬಿ ಬದುಕುವುದು. ಅಂಗೈಯಗಲದ ಪಿಸ್ತೂಲು ಕೊಂಡು, ಎಡಗಾಲಿನ ಒಳಮಗ್ಗುಲಿಗೆ, ಗೆಣ್ಣಿನ ಮೇಲೆ, ಚರ್ಮದ ಒರೆಯಲ್ಲಿ ಕಟ್ಟಿಕೊಂಡೆ. ಪಿಸ್ತೂಲು ಜಾರದಂತೆ ಮೇಲೊಂದು ಪಟ್ಟಿ, ಅದಕ್ಕೊಂದು ಟಿಚ್ ಬಟನ್. ಪ್ಯಾಂಟು ಇಳಿಬಿಟ್ಟರೆ ದೇವರಿಗೂ ಕಾಣುತ್ತಿರಲಿಲ್ಲ.

ದೇವರ ಮಾತು ಬಂತು, ಹೇಳಿಬಿಡುತ್ತೇನೆ. ದೇವಸ್ಥಾನದೊಳಗೆ ಇದನ್ನು ಒಯ್ಯುವಂತಿಲ್ಲ. ಬಿಚ್ಚಿಟ್ಟು ಹೋಗಬಹುದಿತ್ತು. ನಾನು ದೇವಸ್ಥಾನಕ್ಕೆ ಹೋಗುವುದನ್ನೇ ಬಿಟ್ಟೆ. ಶನಿವಾರ ಬಂದರೆ ಆಫೀಸಿನ ಕೆಲಸ ಎಂದು ಸುಳ್ಳು ಹೇಳುತ್ತಿದ್ದೆ. ಅದು ಕಾಲಿನಲ್ಲಿ ಇಲ್ಲದಿದ್ದರೆ ನನ್ನ ನಡಿಗೆಯೇ ತಪ್ಪುತ್ತಿತ್ತು, ಎದುರು ಬಂದವರ ಕೈಯನ್ನೇ ನೋಡುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಯಾರು ಏನನ್ನದಿದ್ದರೂ ಮೀಟಿಂಗಿನ ಮಧ್ಯೆ ಬಲಗಾಲಿನಿಂದ ಎಡಗಾಲನ್ನು ತಡವಿ ನೋಡಿಕೊಳ್ಳುತ್ತಿದ್ದೆ. ಒಂದೂವರೆ ವರ್ಷ ಹೀಗೇ ನಡೆಯಿತು.

ಫ್ರೀಮಾಂಟಿನಲ್ಲಿ ನನ್ನ ಗೆಳೆಯನ ಮನೆ. ಧಾರವಾಡದವನು, ನನ್ನದೇ ಆಫೀಸು, ಇಪ್ಪತ್ತು ವರ್ಷದ ಸ್ನೇಹ. ನಮಗೆ ಮಕ್ಕಳಿಲ್ಲ. ಮದುವೆಯಾಗಿ ಬಹಳ ವರ್ಷಗಳ ಮೇಲೆ ಹುಟ್ಟಿದ ಅವನ ಮಗಳಿಗೆ ಆಗ ಏಳು ವರ್ಷ. ಆ ಮಗು ಅರ್ಧ ನಮ್ಮದೇ ಎನ್ನುವಷ್ಟು ಸಲಿಗೆ. ಊರಿನಿಂದ ಬಂದಿದ್ದ ಅವನ ತಾಯಿ ಮೊಮ್ಮಗಳಿಗೆ ಸಂಸ್ಕಾರ ಕಲಿಸುತ್ತೇನೆಂದು ಪಣ ತೊಟ್ಟಿದ್ದರು. ಒಂದು ಶನಿವಾರ ಬೆಳಿಗ್ಗೆ ಅವರ ಮನೆಯಲ್ಲಿ ಸತ್ಯನಾರಾಯಣ ಪೂಜೆ.

ಸೊಂಟದ್ದನ್ನು ಮನೆಯ ಪೆಟ್ಟಿಗೆಯಲ್ಲಿಟ್ಟೆ, ನೆಲದ ಮೇಲೆ ಕೂತರೆ ಅಂಗಿಯಡಿ ಎದ್ದು ಕಾಣುತ್ತದೆ ಎಂದು. ಕಾಲಿನದು ಕಾಲಿನಲ್ಲೇ ಇತ್ತು. ದಾರಿಯಲ್ಲಿ ಬಾಳೆಹಣ್ಣು, ವೀಳ್ಯದೆಲೆ ತರಲು ಹೆಂಡತಿ ನಮ್ಮವರ ಗ್ರೋಸರಿ ಅಂಗಡಿಗೆ ಇಳಿದಳು. ನಾನು ಕಾರಿನಲ್ಲಿ ಕಾಯುತ್ತಿದ್ದೆ. ತಲೆಗೆ ಟೋಪಿ ಎಳೆದುಕೊಂಡ ಒಬ್ಬ ನೇರ ನಮ್ಮ ಕಾರಿನತ್ತ ಬಂದ. ನನ್ನ ಕೈ ತಾನಾಗಿ ಕೆಳಗೆ ಹೋಗಿ ಪಟ್ಟಿಯ ಬಟನ್ ಬಿಚ್ಚಿತು. ಅವನು ಪಕ್ಕದಲ್ಲಿ ಯಾರೋ ಬಿಟ್ಟುಹೋಗಿದ್ದ ತಳ್ಳುಗಾಡಿಯನ್ನು ಹಿಡಿದು ಅಂಗಡಿಯತ್ತ ತಳ್ಳಿಕೊಂಡು ಹೋದ. ಅಂಗಡಿಯ ಕೆಲಸದವನು. ನನಗೆ ನಾಚಿಕೆಯಾಯಿತು. ಅಷ್ಟರಲ್ಲಿ ಹೆಂಡತಿ ಬಂದು, "ವೀಳ್ಯದೆಲೆ ನೋಡಿ, ಎಷ್ಟು ಒಣಗಿಹೋಗಿದೆ" ಎಂದು ಮಾತು ಶುರುಮಾಡಿದಳು. ನಾನು ಕಾರು ಹೊರಡಿಸಿದೆ.

ಗೆಳೆಯನ ಬಾಗಿಲಲ್ಲಿ ಎಲ್ಲರಂತೆ ಶೂಸು ಬಿಟ್ಟೆ. ಪ್ಯಾಂಟಿನ ಅಂಚು ಎಳೆದುಕೊಂಡು ಒಳಗೆ ಹೋದೆ. ಅದನ್ನು ಕಾರಿನಲ್ಲೇ ಬಿಡಬಹುದಿತ್ತಲ್ಲ ಎಂದು ಆಮೇಲೆ ಹೆಂಡತಿ ಕೇಳಿದಳು. ಕಾರಿನ ಗಾಜು ಒಡೆದು ಕದಿಯುವವರಿದ್ದಾರೆ, ಯಾರ ಕೈಗಾದರೂ ಸಿಕ್ಕರೆ ಅಪಾಯ ಎಂದೆ. ಯಾರ ಕೈಗೂ ಸಿಗಬಾರದು ಎಂದು ಒಳಗೆ ಒಯ್ದವನು ನಾನು!

ಕಥೆ ಮುಗಿಯಿತು, ಮಂಗಳಾರತಿಯಾಯಿತು. ನಡು ಹಿಡಿದುಕೊಂಡಿತೆಂದು ನಾನು ಎದ್ದು ಸೋಫಾದಲ್ಲಿ ಕೂತೆ. ಅಜ್ಜಿ ಮೊಮ್ಮಗಳನ್ನು ಹಿರಿಯರ ಬಳಿಗೆಲ್ಲ ಕರೆದೊಯ್ದು ನಮಸ್ಕಾರ ಮಾಡಿಸುತ್ತಿದ್ದರು. ಇಲ್ಲಿಯ ಮಕ್ಕಳಂತೆ ಮೊಣಕಾಲು ಮುಟ್ಟಿ ಓಡುವ ನಮಸ್ಕಾರವಲ್ಲ. ಮಂಡಿಯೂರಿ, ಕೈ ಅಡ್ಡಹಾಯಿಸಿ, ಎರಡೂ ಪಾದ ಹಿಡಿದು, ಹಣೆ ಮುಟ್ಟಿಸಬೇಕು. ನಾನು ಮಾತಿನಲ್ಲಿದ್ದೆ. ಕೂತದ್ದಕ್ಕೆ ಪ್ಯಾಂಟು ಮೇಲೆ ಸರಿದದ್ದು ಗೊತ್ತಾಗಲಿಲ್ಲ. ಮಗು ನನ್ನ ಮುಂದೆ ಕೂತು ಪಾದ ಹಿಡಿಯಿತು. ಆಮೇಲೆ ಪಾದಕ್ಕಿಂತ ಮೇಲೆ, ಗೆಣ್ಣಿನ ಹತ್ತಿರ, ಸಣ್ಣ ಬೆರಳುಗಳು ಏನನ್ನೋ ಹಿಡಿದವು.

"ವಾಟ್ಸ್ ದಿಸ್, ಅಂಕಲ್?"

ಕಾಲು ಸರ್ರನೆ ಹಿಂದಕ್ಕೆ ಎಳೆದುಕೊಂಡೆ. ಸುತ್ತ ಹದಿನೈದು ಜನ. "ಕಾಲು ನೋವು ಪುಟ್ಟಿ, ಅದಕ್ಕೆ ಪಟ್ಟಿ ಕಟ್ಕೊಂಡಿದೀನಿ" ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಮೊದಲೇ ಬಾಯಲ್ಲಿ ಕಾದಿತ್ತೇನೋ. ಮಗುವಿನ ಮುಖ ಬಾಡಿತು. ತನ್ನ ಕೈ ತಾಗಿ ನನಗೆ ನೋವಾಯಿತೆಂದು ತಿಳಿದು "ಸಾರಿ, ಸಾರಿ" ಎಂದಿತು. ನನ್ನ ಬಳಿ ಕ್ಷಮೆ ಕೇಳಿತು!

ಅಜ್ಜಿ ಬಿಡಬೇಕಲ್ಲ. "ಯಾಕಪಾ ತಮ್ಮಾ, ಕಾಲಿಗೆ ಏನಾಗೇದ? ತೋರ್ಸು ಇಲ್ಲೆ. ಎಣ್ಣಿ ಹಚ್ಚಿ ತಿಕ್ತೀನಿ, ಸಂಜಿಗೆ ಆರಾಮ ಆಗ್ತದ."

"ಬೇಡಮ್ಮ, ಏನಿಲ್ಲ."

"ಏನಿಲ್ಲದ ಪಟ್ಟಿ ಯಾಕ ಕಟ್ಕೊಂಡಿ? ನಾ ನಿನ್ನ ತಾಯಿ ಇದ್ದಂಗ. ನಾಚಿಕಿ ಎಂಥಾದ್ದು?" ಎನ್ನುತ್ತಾ ಆ ತಾಯಿ ನನ್ನ ಕಾಲ ಬುಡದಲ್ಲಿ ಕೂತೇಬಿಟ್ಟರು. ಕೈ ಪ್ಯಾಂಟಿನ ಅಂಚಿಗೆ ಬಂತು.

"ಬೇಡ ಅಂದ್ನಲ್ಲ! ಬಿಡಿ ನನ್ನ!" ಎಂದು ಕಿರುಚಿದೆ.

ಎಪ್ಪತ್ತೆಂಟು ವರ್ಷದ ಮುದುಕಿ ನೆಲದ ಮೇಲೆ ಕೂತು ನನ್ನ ಮುಖ ನೋಡುತ್ತಿದ್ದರು. ಗೆಳೆಯ ನಗಾಡಿ, "ಇವಂಗ ಮೊದಲಿಂದ ಮೂಗಿನ ತುದೀಗೇ ಸಿಟ್ಟು, ಅವ್ವ. ಪ್ರಸಾದ ತಿಂದ್ರ ಇಳೀತದ" ಎಂದು ನನ್ನ ಮಾನ ಉಳಿಸಿದ. ಹೆಂಡತಿ ನಗಲಿಲ್ಲ. ಅವಳು ನನ್ನ ಎಡಗಾಲನ್ನೇ ನೋಡುತ್ತಿದ್ದಳು.

ಮನೆಗೆ ಬಂದು ಗ್ಯಾರೇಜಿನ ಬಾಗಿಲು ಇಳಿದ ಮೇಲೆ, "ಪ್ಯಾಂಟು ಎತ್ತಿ" ಎಂದಳು. ಎತ್ತಿದೆ.

ಪಟ್ಟಿ ಬಿಚ್ಚಿಕೊಂಡು ಜೋತಾಡುತ್ತಿತ್ತು. ಅಂಗಡಿಯ ಮುಂದೆ ಬಿಚ್ಚಿದ ಬಟನ್ ಅನ್ನು ನಾನು ಹಾಕಿರಲೇ ಇಲ್ಲ. ಪಿಸ್ತೂಲಿನ ಹಿಡಿ ಒರೆಯಿಂದ ಅರ್ಧ ಬೆರಳಿನಷ್ಟು ಮೇಲೆ ಬಂದಿತ್ತು. ಕಾರಿನ ಕುಲುಕಾಟಕ್ಕೆ ಬಂದಿತ್ತೋ, ನಾನು ಕಾಲು ಎಳೆದುಕೊಂಡಾಗ ಬಂದಿತ್ತೋ, ಆ ಸಣ್ಣ ಬೆರಳುಗಳು ಎಳೆದದ್ದಕ್ಕೆ ಬಂದಿತ್ತೋ, ನನಗೆ ಗೊತ್ತಿಲ್ಲ. ಎಂದಿಗೂ ಗೊತ್ತಾಗುವುದಿಲ್ಲ. ಅದರೊಳಗೆ ಗುಂಡು ಸದಾ ತಯಾರಾಗಿ ಕೂತಿರುತ್ತಿತ್ತು. ಬೇರೆ ಲಾಕು ಇರಲಿಲ್ಲ. ಟ್ರಿಗರ್ ಎಳೆದರೆ ಹಾರುವುದೇ.

ಹೆಂಡತಿ ಗೋಡೆಗೆ ಒರಗಿ ನಿಂತಳು. "ಮಗು ತಲೆ ನಿಮ್ಮ ಕಾಲ ಮೇಲಿತ್ತು ಕಣ್ರೀ" ಎಂದಳು. ಆಮೇಲೆ, "ಅವರಿಗೆ ನೀವು ಹೇಳ್ತೀರೋ, ನಾನು ಹೇಳ್ಲೋ?" ಎಂದಳು.

ನಾನೇ ಹೇಳುತ್ತೇನೆ ಎಂದೆ. ಹೇಳಲಿಲ್ಲ. ಹೇಳಿದರೆ ಆ ಮನೆ ಹೋಗುತ್ತದೆ, ಆ ಮಗು ಹೋಗುತ್ತದೆ. ಏನೂ ಆಗಿಲ್ಲವಲ್ಲ, ಆಗದ್ದನ್ನು ಹೇಳಿ ಯಾಕೆ ಕೆಡಿಸಿಕೊಳ್ಳಲಿ ಎಂದು ದಿನಕ್ಕೆ ಹತ್ತು ಸಲ ನನ್ನೊಳಗೇ ವಾದ ಹೂಡುತ್ತಿದ್ದೆ. ಚಿಕ್ಕದನ್ನು ಮರುದಿನವೇ ಅಂಗಡಿಗೆ ವಾಪಸು ಮಾರಿದ್ದೆ. ಆದರೂ ಎಡಗಾಲು ಭಾರವಾಗಿಯೇ ಇತ್ತು. ಆಗದೇ ಇದ್ದದ್ದು ನನಗೆ ದಿನವೂ ಆಗುತ್ತಿತ್ತು. ಹಲ್ಲುಜ್ಜುವಾಗ, ಕಾಫಿ ಸೋಸುವಾಗ, ಮೀಟಿಂಗಿನಲ್ಲಿ ಯಾರೋ ಲ್ಯಾಪ್‌ಟಾಪು ಪಟ್ಟನೆ ಮುಚ್ಚಿದಾಗ, ಹಾರದ ಗುಂಡಿನ ಸದ್ದು ನನಗೆ ಕೇಳುತ್ತಿತ್ತು. ಸದ್ದಿನ ಹಿಂದೆಯೇ ಮಗುವಿನ ಹಸಿರು ಲಂಗ, ಬೈತಲೆ ತೆಗೆದ ತಲೆ, ಕೊಬ್ಬರಿ ಎಣ್ಣೆಯ ವಾಸನೆ. ಕುಂಕುಮ ಕಂಡರೆ ಕಣ್ಣು ತಿರುಗಿಸುತ್ತಿದ್ದೆ. ಸರ ಕಿತ್ತವನ ಮುಖ ನನಗೆ ಮರೆತೇಹೋಯಿತು. ಅವನಾದರೋ ಎಲ್ಲಿಂದಲೋ ಬಂದ ಕಳ್ಳ. ನಾನು ಆ ಮಗು ಕಾಲು ಮುಟ್ಟಿ ನಂಬಿದ ಮನುಷ್ಯ.

ಹನ್ನೊಂದನೆಯ ದಿನ ಗೆಳೆಯ ಆಫೀಸಿನಲ್ಲಿ ನನ್ನ ಮೇಜಿನ ಮೇಲೊಂದು ಬಾಟಲಿ ಇಟ್ಟ. "ಅವ್ವ ಕಾಸಿ ಕಳಸ್ಯಾಳ. ಬೈದಿ ಅಂತ ಸಿಟ್ಟೇನಿಲ್ಲ ಆಕಿಗೆ. ಪಾಪ, ನೋವಿಗೆ ಹಂಗ ಒದರ್‍ಯಾನ ಅಂದ್ಲು." ಎಳ್ಳೆಣ್ಣೆಯಲ್ಲಿ ಬೆಳ್ಳುಳ್ಳಿ, ಓಮ ಹಾಕಿ ಕಾಸಿದ್ದರು. ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡು ರೆಸ್ಟ್‌ರೂಮಿಗೆ ಹೋಗಿ ಅತ್ತೆ. ಐವತ್ತೆರಡು ವರ್ಷದ ಗಂಡಸು, ಬಾಯಿಗೆ ಕರ್ಚೀಫು ಒತ್ತಿಕೊಂಡು.

ಶನಿವಾರ ಬೆಳಿಗ್ಗೆ ಒಬ್ಬನೇ ಫ್ರೀಮಾಂಟಿಗೆ ಹೋದೆ. ಬಾಗಿಲು ತೆಗೆದ ಗೆಳೆಯ "ಬಾರೋ, ಛಾ ಕುಡಿಯೂಣು" ಎಂದ. ಹೊಸ್ತಿಲ ಹೊರಗೇ ನಿಂತು ಎಲ್ಲವನ್ನೂ ಹೇಳಿದೆ. ಸುಳ್ಳು, ಪಟ್ಟಿ, ಬಿಚ್ಚಿದ ಬಟನ್, ಅರ್ಧ ಬೆರಳು. ಏನನ್ನೂ ಮುಚ್ಚಿಡಲಿಲ್ಲ.

ಅವನು ಒಂದೇ ಪ್ರಶ್ನೆ ಕೇಳಿದ. "ಗುಂಡು ಇತ್ತೇನು ಅದರಾಗ?"

"ಇತ್ತು."

ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿ ಎಂದೇ ಹೋಗಿದ್ದೆ. ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. ಉಗುರು ಬೆಳ್ಳಗಾದವು. "ಇಪ್ಪತ್ತು ವರ್ಷ ಆತು" ಎಂದ. "ನಮ್ಮನೀಗೆ ಬರಬ್ಯಾಡ ಅಂತ ನಿನಗ ಹೇಳಲಿಕ್ಕೆ ಬಾಯಿ ಬರವಲ್ದು ನನಗ. ನೀನ ತಿಳ್ಕೊ."

ನನ್ನ ದನಿ ಕೇಳಿ ಮಗು ಒಳಗಿನಿಂದ ಓಡಿ ಬಂತು. ಬಾಯಲ್ಲಿ ದೋಸೆ ಇತ್ತು. ಬಗ್ಗಿ ನನ್ನ ಕಾಲನ್ನು ನೋಡಿ, "ಈಸ್ ಇಟ್ ಬೆಟರ್, ಅಂಕಲ್?" ಎಂದು ಕೇಳಿತು.

ನಾನು ಉತ್ತರ ಹೇಳುವ ಮೊದಲೇ ಅವನು ಅವಳನ್ನು ಬಾಚಿ ಎತ್ತಿಕೊಂಡ. ಎತ್ತಿಕೊಳ್ಳುವ ವಯಸ್ಸು ದಾಟಿದ ಮಗು, ಕಾಲು ಅವನ ಮೊಣಕಾಲಿನವರೆಗೆ ಇಳಿಬಿದ್ದಿದ್ದವು. ಅವಳ ತಲೆಯನ್ನು ಹೆಗಲಿಗೆ ಒತ್ತಿ ಹಿಡಿದುಕೊಂಡು, ಹಿಂದೆ ತಿರುಗಿ ನೋಡದೆ ಒಳಗೆ ಹೋದ. ಬಾಗಿಲು ಹಾಕಲಿಲ್ಲ. ಆ ಮನೆಯವರು ನನ್ನ ಮುಖಕ್ಕೆ ಬಾಗಿಲು ಹಾಕುವವರಲ್ಲ. ಹಿಡಿಕೆಗೆ ಕೈಹಾಕಿ, ಸದ್ದಾಗದಂತೆ ನಾನೇ ಹೊರಗಿನಿಂದ ಎಳೆದು ಮುಚ್ಚಿದೆ.