ಡಬ್ಬಿಯ ಮೇಲಿನ ತಟ್ಟೆ

ಬ್ರೆಡ್ ಮಾಡುವ ಕೆಲಸಕ್ಕೆ ಕೈ ಹದವಾಗಿರಬೇಕು, ಮೂಗು ಚುರುಕಾಗಿರಬೇಕು, ಎಲ್ಲಕ್ಕಿಂತ ಮೊದಲು ಹಾಸಿಗೆ ಬಿಟ್ಟು ಏಳಬೇಕು. ಗಂಟೆಯಕ್ಕನಿಗೆ ಮೊದಲೆರಡು ಧಾರಾಳವಾಗಿ ಬಂದಿದ್ದವು. ಮೂರನೆಯದರಲ್ಲಿ ಮಾತ್ರ ದೊಡ್ಡ ಸೊನ್ನೆ. ಅವಳ ಅಲಾರಂ ಬಡಿದುಕೊಂಡರೆ ಮೇಲಿನ ಮನೆಯ ಮಗು ಏಳುತ್ತಿತ್ತು, ಎದುರು ಮನೆಯ ನಾಯಿ ಏಳುತ್ತಿತ್ತು, ಪಕ್ಕದ ಮನೆಯ ದರ್ಜಿ ಎದ್ದು ಗೋಡೆ ಗುದ್ದುತ್ತಿದ್ದ. ಆ ಗುದ್ದಿಗೆ ಇವಳು ಕೊನೆಗೂ ಒಂದು ಕಣ್ಣು ಬಿಡುತ್ತಿದ್ದಳು. ಹೆಸರು ಬಂದದ್ದು ಹಾಗೆ.

ಬೇಕರಿಯ ಮೇಸ್ತ್ರಿಗೆ ಮೊಣಕಾಲು ಕೈಕೊಟ್ಟಿತ್ತು. ಭಟ್ಟಿಯ ಜವಾಬ್ದಾರಿಯನ್ನೂ ಬಾಗಿಲಿನ ಬೀಗದ ಕೈಯನ್ನೂ ಯಾರಿಗಾದರೂ ಒಪ್ಪಿಸಿ ಮನೆಯಲ್ಲಿ ಕೂರಬೇಕೆಂದಿದ್ದರು. ಗಂಟೆಯಕ್ಕನ ಕಣ್ಣೆಲ್ಲ ಆ ಬೀಗದ ಕೈ ಮೇಲೆ. ಮೈದಾ ಜರಡಿ ಹಿಡಿಯುವುದರಿಂದ ಹಿಡಿದು ಭಟ್ಟಿಯ ಕಾವು ನೋಡುವ ತನಕ ಎಲ್ಲ ಕಲಿತಿದ್ದಳು. ಆ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೀದಿಯಲ್ಲಿ ಒಮ್ಮೆ ಬೀಗುತ್ತ ನಡೆಯಬೇಕೆಂದು ಅವಳಿಗೆ ಎಷ್ಟು ಆಸೆಯಿತ್ತೆಂದರೆ, ಕನಸಿನಲ್ಲೂ ಸೊಂಟ ತಡವಿಕೊಳ್ಳುತ್ತಿದ್ದಳು.

"ಗಂಟೆ ಹೊಡೆದ್ರೆ ಮಾತ್ರ ಏಳೋರಿಗೆ ನಾನು ಬೀಗದ ಕೈ ಕೊಡಲ್ಲ," ಎಂದರು ಮೇಸ್ತ್ರಿ. "ಅದು ಒಂದಿನ ಕೆಟ್ಟು ಕೂತ್ರೆ ಬೀದಿಗೆಲ್ಲ ಬ್ರೆಡ್ ಇಲ್ಲ. ನೀನಾಗೇ ಏಳೋದು ರೂಢಿ ಮಾಡ್ಕೋ. ಆಮೇಲೆ ಒಂದು ತಿಂಗಳು, ಒಂದಿನಾನೂ ತಪ್ಪದೆ, ನನಗಿಂತ ಮೊದಲು ಬಾಗಿಲ ಹತ್ರ ಇರಬೇಕು."

ಈ ಸುದ್ದಿಗೆ ಅತ್ತೆಗಾದಷ್ಟು ಸಂತೋಷ ಇನ್ಯಾರಿಗೂ ಆಗಲಿಲ್ಲ. ಮಗ ಲಾರಿ ಹತ್ತಿ ಹೋದರೆ ವಾರಗಟ್ಟಲೆ ಪತ್ತೆಯಿಲ್ಲ. ಇರುವ ಒಂದೇ ಕೋಣೆಯಲ್ಲಿ ಸೊಸೆಯ ಗಡಿಯಾರದ ಹಾವಳಿಯನ್ನು ಸಹಿಸಿಕೊಂಡು ಬಂದವರು ಅವರೇ. ಕೂಡಲೇ ಗಡಿಯಾರವನ್ನು ಹಳೇ ಬಟ್ಟೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿ, ಟ್ರಂಕಿನ ಮೇಲೆ ತಾವೇ ಕೂತುಬಿಟ್ಟರು.

ಗಂಟೆಯಕ್ಕ ಪಟ್ಟ ಪಾಡು ಒಂದೆರಡಲ್ಲ. ಮಲಗುವಾಗ ಹೊಟ್ಟೆ ತುಂಬ ನೀರು ಕುಡಿದಳು. ಎದ್ದಳೇನೋ ಹೌದು, ಬಚ್ಚಲಿಗೆ ಹೋಗಿ ಬಂದು ಮತ್ತೆ ಬಿದ್ದುಕೊಂಡಳು. ಏಳಬೇಕಾದ ಹೊತ್ತನ್ನು ದಿಂಬಿಗೆ ಮೂರು ಸಲ ಹೇಳಿ ಮಲಗಿದಳು. ದಿಂಬಿಗೂ ಇವಳದೇ ಸಹವಾಸದೋಷ, ಅದೂ ಏಳಿಸಲಿಲ್ಲ. ಯಾರೋ ಹೇಳಿದರೆಂದು ಸಂಜೆಯೇ ಊಟ ಮುಗಿಸಿ ಬೇಗ ಮಲಗಿದಳು. ಅದರಿಂದ ನಿದ್ದೆ ಇನ್ನಷ್ಟು ಉದ್ದವಾಯಿತು, ಅಷ್ಟೆ.

ಕೊನೆಗೆ ಅವಳ ತಲೆ ಓಡಿದ್ದು ಕಸುಬಿನ ಕಡೆಗೆ. ಬೇಕರಿಯಿಂದ ಒಂದು ಉಂಡೆ ನಾದಿದ ಹಿಟ್ಟು ತಂದು ಡಬ್ಬಿಗೆ ಹಾಕಿ, ಮೇಲೆ ಸ್ಟೀಲ್ ತಟ್ಟೆ ಇಟ್ಟು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟಳು. ಹಿಟ್ಟು ಉಬ್ಬಿ ತಟ್ಟೆಯನ್ನು ನೂಕಬೇಕು, ತಟ್ಟೆ ಬೀಳಬೇಕು. ಎಷ್ಟು ಈಸ್ಟಿಗೆ ಎಷ್ಟು ಹೊತ್ತು ಎಂಬುದು ಅವಳ ಕೈಗೇ ಗೊತ್ತಿತ್ತು. ಬೆಳಗಾಗುವ ಮುಂಚೆ ತಟ್ಟೆ ಠಣಾರೆಂದು ಬಿತ್ತು. ಅತ್ತೆ ಕಳ್ಳ ಬಂದನೆಂದು ಕೋಲು ಹಿಡಿದು ನಿಂತಿದ್ದರು.

"ಇದೂ ಗಂಟೆನೇ ಅಲ್ವೇನೇ?"

"ಗಂಟೆ ಎಲ್ಲಿದೆ ಅತ್ತೆ? ನಿಮ್ಮ ಟ್ರಂಕಲ್ಲಿದೆ. ತಟ್ಟೆ ತಾನಾಗೇ ಬಿತ್ತು, ನಾನು ನಾನಾಗೇ ಎದ್ದೆ."

ಅತ್ತೆ ಅವಳನ್ನೊಮ್ಮೆ ದಿಟ್ಟಿಸಿ ಕೋಲು ಕೆಳಗಿಟ್ಟರು. ತಿಂಗಳ ಲೆಕ್ಕ ಅಂದಿನಿಂದ ಶುರುವಾಯಿತು. ಮೊದಮೊದಲು ತಟ್ಟೆಯ ಸದ್ದಿಗೆ ಎದೆ ಧಸಕ್ಕೆಂದು ಏಳುತ್ತಿದ್ದಳು. ಬರುಬರುತ್ತ ಸದ್ದು ಕೇಳಿದ ನೆನಪೂ ಉಳಿಯುತ್ತಿರಲಿಲ್ಲ. ಕಣ್ಣು ಬಿಟ್ಟರೆ ತಟ್ಟೆ ನೆಲದ ಮೇಲೆ ಬಿದ್ದಿರುತ್ತಿತ್ತು. ಸರಿ, ಎದ್ದು ಹೊರಡುವುದು. ಮೇಸ್ತ್ರಿ ಕುಂಟುತ್ತ ಬರುವಷ್ಟರಲ್ಲಿ ಇವಳು ಬಾಗಿಲಿಗೆ ಒರಗಿ ನಿಂತು ಪಕ್ಕಾ ಸಾಧ್ವಿಯ ಮುಖ ಮಾಡುತ್ತಿದ್ದಳು.

ತಿಂಗಳು ಮುಗಿಯಲು ಬಂದಾಗ ಒಮ್ಮೆಲೇ ಚಳಿ ಬಿತ್ತು. ಆ ದಿನ ಅವಳು ಕಣ್ಣು ಬಿಟ್ಟು ಕೈ ಚಾಚಿದರೆ ತಟ್ಟೆ ಇನ್ನೂ ಡಬ್ಬಿಯ ಮೇಲೇ ಇತ್ತು. ಇನ್ನೂ ಹೊತ್ತಿದೆ ಎಂದು ಮಗ್ಗುಲಾದಳು. ನಿದ್ದೆ ಬರಲಿಲ್ಲ. ಕಣ್ಣು ಪಿಳಿಪಿಳಿ ಬಿಡುತ್ತ ತಟ್ಟೆ ಬೀಳುವುದನ್ನೇ ಕಾದಳು. ಬೀದಿಯಲ್ಲಿ ಪೇಪರಿನವನ ಸೈಕಲ್ ಹೋಯಿತು. ಮೇಲಿನ ಮನೆಯ ಮಗು ಅತ್ತಿತು. ದರ್ಜಿ ಕೆಮ್ಮಿದ. ಇವತ್ತು ಇವರಿಗೆಲ್ಲ ಏನು ಬಂತು, ಇಷ್ಟು ಬೇಗ ಏಳುತ್ತಿದ್ದಾರಲ್ಲ ಎಂದು ಅವಳಿಗೆ ಆಶ್ಚರ್ಯ.

"ಎದ್ದೇ ಇದೀಯಲ್ಲೇ, ಹೋಗಲ್ವಾ?" ಅತ್ತೆ ರಗ್ಗಿನೊಳಗಿಂದ ಕೇಳಿದರು.

"ತಟ್ಟೆ ಬಿದ್ದಿಲ್ಲ ಅತ್ತೆ."

"ಅಯ್ಯೋ ನಿನ್ನ! ಅದು ಬೀಳೋದು ನಿಂತು ಎಷ್ಟೋ ದಿನ ಆಯ್ತು. ಆ ಗಲಾಟೆ ಯಾರು ಕೇಳ್ತಾರೆ? ನೀನು ಮಲಗಿದ ಮೇಲೆ ನಾನೇ ಮೆಲ್ಲಗೆ ತೆಗೆದು ನೆಲದ ಮೇಲಿಡ್ತಿದ್ದೆ. ನಿನ್ನೆ ಚಳಿಗೆ ಏಳೋಕಾಗ್ಲಿಲ್ಲ."

ಚಳಿಗೆ ಹಿಟ್ಟೂ ಉಬ್ಬಿರಲಿಲ್ಲ. ಬೇಕರಿಯವಳಾಗಿ ಅಷ್ಟು ಯೋಚಿಸಲಿಲ್ಲವಲ್ಲ ಎಂದು ಹಣೆ ಚಚ್ಚಿಕೊಂಡು, ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಅತ್ತೆಯದು ಸಿಕ್ಕಿಸಿಕೊಂಡು ಓಡಿದಳು. ಓಡುತ್ತಲೇ ಅಳು ಬಂತು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ.

ಬಾಗಿಲು ತೆರೆದಿತ್ತು. ಮೇಸ್ತ್ರಿ ಒಳಗೆ ಕೂತಿದ್ದರು. ಸುಳ್ಳು ಹೇಳುವ ಚೈತನ್ಯವೂ ಉಳಿಯದೆ ಅವಳು ಡಬ್ಬಿ, ತಟ್ಟೆ, ಅತ್ತೆ ಎಲ್ಲವನ್ನೂ ಒದರಿಬಿಟ್ಟಳು.

"ಹಾಗಾದ್ರೆ ಇಷ್ಟು ದಿನ ನಿನ್ನ ಎಬ್ಬಿಸಿದ್ದು ಯಾರು?"

ಯಾರೂ ಅಲ್ಲ. ಅಷ್ಟೂ ದಿನ ತಾನೇ ಎದ್ದು, ಕೀರ್ತಿ ಮಾತ್ರ ಒಂದು ತಟ್ಟೆಗೆ ಕೊಟ್ಟಿದ್ದಳು.

ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಎದ್ದು ಕೂತು, ಏಳೋ ಹೊತ್ತಾಗ್ಲಿ ಅಂತ ಕಾದೋಳನ್ನ ಈ ಜನ್ಮದಲ್ಲಿ ನೋಡಿರಲಿಲ್ಲ ಕಣಮ್ಮ. ತಗೋ." ಬೀಗದ ಕೈ ಅವಳ ಅಂಗೈಗೆ ಬಿತ್ತು. ಆ ಧೈರ್ಯದಲ್ಲಿ ಅವಳು ಕೇಳಿಯೇಬಿಟ್ಟಳು, "ನೀವು ಹೇಗೆ ಏಳ್ತಿದ್ರಿ ಮೇಸ್ತ್ರಿ?"

"ನಾನಾ? ನನ್ನ ಹೆಂಡ್ತಿ ಒದೀತಾಳೆ," ಎಂದರು. "ಅವಳು ಯಾವತ್ತೂ ಕೆಟ್ಟು ಕೂತಿಲ್ಲ."

ಮರುದಿನ ಡಬ್ಬಿಯಲ್ಲಿ ಹಿಟ್ಟಿರಲಿಲ್ಲ. ಗಂಟೆಯಕ್ಕ ತನ್ನ ಹೊತ್ತಿಗೆ ಕಣ್ಣು ಬಿಟ್ಟಳು, ಮುಖ ತೊಳೆದಳು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅತ್ತೆ ಗೊರಕೆ ಹೊಡೆಯುತ್ತಿದ್ದರು. ಬಾಗಿಲ ತನಕ ಹೋದವಳು ಏನೋ ನೆನಪಾದಂತೆ ಹಿಂದೆ ಬಂದು, ಆ ಸ್ಟೀಲ್ ತಟ್ಟೆಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು, ಕೈಬಿಟ್ಟಳು.