ಚಾರ್ಜಿಗೆ ಇಟ್ಟ ಒಳಅಂಗಿ

ನಾರ್ವೆಗೆ ಬಂದ ಮರುದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ನಡುಮನೆಯ ಗೂಟಕ್ಕೆ ಮಗಳ ಒಳಅಂಗಿ ನೇತುಬಿದ್ದಿದೆ. ಅದರ ಬೆನ್ನಿನಿಂದ ಒಂದು ಕರಿ ವೈರು ಇಳಿದು ಬ್ಯಾಟರಿಗೆ ಹೋಗಿದೆ, ಬ್ಯಾಟರಿಯಿಂದ ಇನ್ನೊಂದು ವೈರು ಗೋಡೆಯ ಪ್ಲಗ್ಗಿಗೆ. ಕೆಂಪು ದೀಪವೊಂದು ಕಣ್ಣು ಮಿಟುಕಿಸುತ್ತಿದೆ. ಮೊಬೈಲು ಚಾರ್ಜಿಗೆ ಇಡುವುದು ಗೊತ್ತಿತ್ತು. ಕುಬುಸವನ್ನು ಚಾರ್ಜಿಗೆ ಇಡುವ ದೇಶ ಇದೇ ಮೊದಲು ಕಂಡದ್ದು.

ಕಲಬುರಗಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಒಳಉಡುಪಿನ ಹೆಸರೆತ್ತುವುದೇ ಬ್ಯಾಡ್ ಮ್ಯಾನರ್ಸ್ ಎಂದು ಕಲಿಸಿದ್ದರು. ಈ ವಯಸ್ಸಿನಲ್ಲಿ ಅದರ ಬಗ್ಗೆಯೇ ಊರಿನವರಿಗೆ ಬರೆಯುತ್ತಿದ್ದೇನೆ. ಸಿಸ್ಟರುಗಳು ಕ್ಷಮಿಸಲಿ.

ನನ್ನ ಮಗಳು ಲೀಲಾ ಇಲ್ಲಿನ ಒಂದು ಸಣ್ಣ ಬಂದರಿನಲ್ಲಿ ಡೈವರ್. ಸಮುದ್ರಕ್ಕಿಳಿದು ಬಂದರಿನ ಕಂಬಗಳಿಗೆ ಬಿರುಕು ಬಿಟ್ಟಿದೆಯೇ, ತುಕ್ಕು ಹಿಡಿದಿದೆಯೇ ಎಂದು ನೋಡಿಬರುವ ಕೆಲಸ. ಆಕೆ ಈಜು ಕಲಿತದ್ದು ನನ್ನ ತವರು ಕೊಳಕೂರಿನ ಬಾವಿಯಲ್ಲಿ. ಅಲ್ಲಿ ಸಲಕರಣೆ ಎಂದರೆ ಸೊಂಟಕ್ಕೆ ಕಟ್ಟಿದ ಒಣ ಸೋರೆಬುರುಡೆ ಮತ್ತು ಹಿಂದಿನಿಂದ ದಬ್ಬುವ ಸೋದರಮಾವ. ಇಲ್ಲಿ ನೀರಿಗಿಳಿಯಲು ಮದುಮಗಳಿಗಿಂತ ಹೆಚ್ಚು ಹೊತ್ತು ಸಿಂಗಾರವಾಗಬೇಕು. ಎಲ್ಲಕ್ಕಿಂತ ಮೇಲೆ ಡ್ರೈಸೂಟ್. ಕುತ್ತಿಗೆಗೂ ಮುಂಗೈಗೂ ರಬ್ಬರಿನ ಬಿಗಿ ಪಟ್ಟಿಯಿರುವ, ಒಳಗೆ ಒಂದು ಹನಿ ನೀರೂ ಬಿಡದ ದಿರಿಸು. ಮೈ ನೆನೆಯದ ಈಜು! ಅದಕ್ಕೂ ಥಂಡಿ ಎಂದು ಒಳಗೆ ದಪ್ಪ ಉಣ್ಣೆಯಂಗಿ. ಅದೂ ಸಾಲದೆಂದು ಈಗ ಈ ಕರೆಂಟಿನ ಕುಬುಸ.

ಆ ಸೋದರಮಾವ ತೀರಿಕೊಂಡದ್ದು ಒಳ್ಳೆಯದೇ ಆಯಿತು. ಇದನ್ನು ಕಂಡಿದ್ದರೆ ನಗುವಿನಲ್ಲೇ ಹೋಗುತ್ತಿದ್ದರು.

ಈ ದೇಶದ ಬಗ್ಗೆ ಹೆಚ್ಚು ಹೇಳುವಂಥದ್ದೇನಿಲ್ಲ. ಮಧ್ಯಾಹ್ನಕ್ಕೆ ಸೂರ್ಯ ಮನೆಗೆ ಹೊರಡುತ್ತಾನೆ, ನಮ್ಮ ಜೇವರ್ಗಿಯ ಸರಕಾರಿ ಕಚೇರಿಯಲ್ಲಿ ಕೆಲಸ ಕಲಿತವನಂತೆ. ಊಟಕ್ಕೆ ತಣ್ಣನೆಯ ಬ್ರೆಡ್ಡು, ಅದರ ಮೇಲೆ ಕಂದು ಬಣ್ಣದ ಸಿಹಿ ಚೀಸು. ನೆರೆಯವರು ಲಿಫ್ಟಿನಲ್ಲಿ ನನ್ನನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡುತ್ತಾರೆ. ಜೇವರ್ಗಿಯಲ್ಲಿ ಮೆಟ್ಟಿಲಲ್ಲಿ ಎದುರಾದವರು, “ಏನ್ರೀ ಟೀಚರ್, ಆರಾಮ್ ಅದೀರೇನ್ರಿ? ಬಿ.ಪಿ. ಹೆಂಗೈತ್ರಿ?” ಎಂದು ಕೇಳದೆ ದಾರಿ ಬಿಡುತ್ತಿರಲಿಲ್ಲ. ಆಗ ನನಗೆ ಅದು ನ್ಯೂಸೆನ್ಸ್ ಅನಿಸುತ್ತಿತ್ತು.

ಲೀಲಾಳ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ದಡದ ಮೇಲೆ ನಿಂತು ಡೈವರಿಗೆ ಕಟ್ಟಿದ ಹಗ್ಗ ಹಿಡಿಯುವ ಮೇಲಧಿಕಾರಿ ಇಂಗ್ರಿಡ್, ನನ್ನದೇ ವಯಸ್ಸಿನ ಹೆಂಗಸು, ಆಕೆಗೆ ಕಡ್ಡಿಮುರಿದಂತೆ ಹೇಳಿದ್ದಳು: ಇನ್ನೊಮ್ಮೆ ನಡುಗುತ್ತ ಅರ್ಧಕ್ಕೆ ಮೇಲೆ ಬಂದರೆ ಈ ಚಳಿಗಾಲವೆಲ್ಲ ನೀರಿಗಿಳಿಸುವುದಿಲ್ಲ, ದಡದಲ್ಲೇ ಹಗ್ಗ ಸುತ್ತಬೇಕು. ನೀರಿಗಿಳಿಯದ ಡೈವರನ್ನು ಯಾರು ಖಾಯಂ ಮಾಡುತ್ತಾರೆ? ಅದಕ್ಕೇ ಈ ಬಿಸಿ ಕುಬುಸ ಕೊಂಡದ್ದು. ಕೊಂಡವಳು ಕೈಕಾಲು ಹಗುರಾಗಲಿ ಎಂದು ಉಣ್ಣೆಯಂಗಿಯನ್ನು ಕಳಚಿಟ್ಟಿದ್ದಳು.

“ನೀರಾಗ ಬ್ಯಾಟರಿ ಸತ್ತ್ರ ಏನ್ ಮಾಡ್ತಿ?” ಎಂದೆ.

“ಸಾಯಂಗಿಲ್ಲ ಬೇ ಅವ್ವಾ. ಫುಲ್ ಚಾರ್ಜ್ ಮಾಡೀನಿ.”

“ಕರೆಂಟ್ ಹೋಗಂಗಿಲ್ಲ ಅಂತ ನಮ್ಮ ಲೈನ್‌ಮನ್ನೂ ಹಿಂಗ ಹೇಳ್ತಿದ್ದ.”

“ಇದು ಜೇವರ್ಗಿ ಅಲ್ಲಬೇ.”

“ಅದು ಕಾಣಾಕತ್ತೈತಿ. ಜೇವರ್ಗ್ಯಾಗ ಕುಬುಸಕ್ಕ ಸ್ವಿಚ್ ಇರಲಿಲ್ಲ.”

ನಾನು ಟ್ರಂಕು ತೆಗೆದೆ. ಹಳೆಯ ಇಳಕಲ್ ಸೀರೆಗಳನ್ನು ಪದರ ಪದರವಾಗಿ ಇಟ್ಟು, ಒತ್ತೊತ್ತಾಗಿ ದಾರ ಓಡಿಸಿ, ಕೌದಿ ಹೊಲಿಯುವ ಹಾಗೆಯೇ ತೋಳಿಲ್ಲದ ಅಂಗಿ ಹೊಲಿದೆ. ಕೌದಿ ಮುಗಿಸುವಾಗ ಕಡೆಯ ಮೂಲೆಯಲ್ಲಿ ರೊಟ್ಟಿಯ ಚೂರಿಟ್ಟು ಹೊಲಿಗೆ ಮುಚ್ಚುವುದು ನಮ್ಮಲ್ಲಿ ಪದ್ಧತಿ. ಕೌದಿಯ ಹೊಟ್ಟೆ ಹಸಿದಿರಬಾರದು. ಹಸಿದ ಕೌದಿ ಹೊದ್ದವರ ಮೈಶಾಖ ತಿನ್ನುತ್ತದೆ ಎನ್ನುತ್ತಿದ್ದಳು ನನ್ನ ಅಜ್ಜಿ. ಊರಿಂದ ತಂದ ಖಡಕ್ ರೊಟ್ಟಿಯ ಚೂರೊಂದನ್ನು ಇಟ್ಟೇ ಮುಚ್ಚಿದೆ. ಶೇಕ್ಸ್‌ಪಿಯರ್ ಪಾಠ ಮಾಡಿದ ಕೈ ಇದನ್ನು ಮರೆತಿರಲಿಲ್ಲ.

“ಇದನ್ನ ಹಾಕ್ಕೊಂಡಽ ಇಳಿ. ಇಲ್ಲಂದ್ರ ನಾ ಊಟ ಮಾಡಂಗಿಲ್ಲ,” ಎಂದೆ.

“ಆ ಬ್ರೆಡ್ ನೀ ಹೆಂಗೂ ತಿನ್ನಂಗಿಲ್ಲ ತಗೋ,” ಎಂದಳು. ಆದರೂ ಹಾಕಿಕೊಂಡಳು. ಅದರ ಮೇಲೆ ಕರೆಂಟಿನ ಕುಬುಸ, ಅದರ ಮೇಲೆ ಡ್ರೈಸೂಟ್.

ನಾನೂ ಬಂದರಿಗೆ ಹೋದೆ. ಲೀಲಾ ಸೀಸದ ಬಣ್ಣದ ನೀರಿಗೆ ಇಳಿದಳು. ಇಂಗ್ರಿಡ್ ಹಗ್ಗ ಹಿಡಿದು, ನಾನೊಂದು ಕಂಬ ಎಂಬಂತೆ ಪಕ್ಕದಲ್ಲಿ ನಿಂತಳು. ಬಹಳ ಹೊತ್ತು ಎಲ್ಲವೂ ಸರಿಯಿತ್ತು. ನಾನು ಮನಸ್ಸಿನಲ್ಲೇ ಬ್ಯಾಟರಿಯನ್ನು ಹಂಗಿಸುತ್ತ ನನ್ನ ಕೌದಿಗೆ ಫುಲ್ ಮಾರ್ಕ್ಸ್ ಕೊಡುತ್ತಿದ್ದೆ. ಅಷ್ಟರಲ್ಲಿ ಹಗ್ಗ ಜಗ್ಗಿತು. ಮತ್ತೆ ಜಗ್ಗಿತು.

ಮೇಲೆ ಬಂದವಳ ತುಟಿ ನೇರಳೆ ಹಣ್ಣಿನಂತಾಗಿತ್ತು. ಶೆಡ್ಡಿನೊಳಗೆ ಕೂರಿಸಿ ಇಂಗ್ರಿಡ್ ಡ್ರೈಸೂಟಿನ ಜಿಪ್ಪು ಎಳೆದಳು. ಸಮುದ್ರದ ಒಂದು ಹನಿಯೂ ಒಳಗೆ ಹೋಗಿರಲಿಲ್ಲ. ಆದರೆ ನನ್ನ ಕೌದಿ ಹಿಂಡಿದರೆ ನೀರು ಸುರಿಯುವಂತಿತ್ತು. ಕುಬುಸದ ಕಾವಿಗೆ ಲೀಲಾ ಬೆವೆತಿದ್ದಳು, ಆ ಬೆವರನ್ನೆಲ್ಲ ಇಳಕಲ್ ಸೀರೆ ಕುಡಿದಿತ್ತು. ಆಮೇಲೆ ಬ್ಯಾಟರಿ ಸತ್ತಿತ್ತು. ಮಗಳು ಒದ್ದೆ ಬಟ್ಟೆ ಸುತ್ತಿಕೊಂಡು ಹಿಮದ ನೀರಿನಲ್ಲಿ ಕೂತಂತಾಗಿತ್ತು.

ಇಂಗ್ರಿಡ್ ಎರಡು ಬೆರಳಲ್ಲಿ ಕೌದಿಯನ್ನು ಎತ್ತಿ ಹಿಡಿದಳು, ಸತ್ತ ಇಲಿಯ ಬಾಲ ಹಿಡಿದಂತೆ. “ಬೊಮುಲ್!” ಎಂದಳು. ಅವರ ಭಾಷೆಯಲ್ಲಿ ಹತ್ತಿ. ತಾನು ತೊಟ್ಟ ಉಣ್ಣೆಯಂಗಿಯ ಎದೆ ತಟ್ಟಿ, “ಉಲ್!” ಎಂದಳು. ನಾನು ಎಳೆ ಮಗುವೆಂಬಂತೆ ಇಂಗ್ಲಿಷಿನಲ್ಲೂ ಬಿಡಿಸಿ ಹೇಳಿದಳು: ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತದೆ, ಹತ್ತಿ ಕೊಲ್ಲುತ್ತದೆ. ಲೀಲಾಳನ್ನೂ ಬಿಡಲಿಲ್ಲ: ಬ್ಯಾಟರಿ ಇಲ್ಲವೇ ಇಲ್ಲ ಎಂದುಕೊಂಡು ಮೊದಲು ಬಟ್ಟೆ ಹಾಕಿಕೊಳ್ಳಬೇಕು. ಕರೆಂಟಿನ ಕಾವು ಮೇಲಿನ ಉಪ್ಪಿನಕಾಯಿ ಇದ್ದಂತೆ. ಉಪ್ಪಿನಕಾಯಿ ಎಂದದ್ದು ನಾನು. ಆಕೆಗೆ ಅಷ್ಟು ರುಚಿಯೆಲ್ಲಿ?

ನನ್ನ ನಾಲಿಗೆಯ ತುದಿಗೆ ಒಳ್ಳೆಯ ಕಾನ್ವೆಂಟ್ ಇಂಗ್ಲಿಷೇ ಬಂದಿತ್ತು. ಮಗಳ ಹಲ್ಲು ಕಟಕಟಿಸುವ ಸದ್ದಿಗೆ ನುಂಗಿಕೊಂಡೆ. ಯಡ್ರಾಮಿ ಕಡೆಯಿಂದ ಕಂಬಳಿ ಮಾರಲು ಬರುತ್ತಿದ್ದವರನ್ನು “ಚುಚ್ಚುತ್ತದೆ, ವಾಸನೆ” ಎಂದು ಗೇಟಿನಿಂದಲೇ ಕಳಿಸುತ್ತಿದ್ದವಳು ನಾನು. ಅದೇ ಚುಚ್ಚುವ ಉಣ್ಣೆ ಇಲ್ಲಿ ಅಂಗಡಿಯ ಗಾಜಿನ ಕಪಾಟಿನಲ್ಲಿ ರಾಣಿಯಂತೆ ಕೂತಿದೆ.

ಇಂಗ್ರಿಡ್‌ಳ ಬೆರಳಿಗೆ ಮೂಲೆಯ ಗಂಟು ತಾಗಿತು. ಇದೇನು ಎಂದಳು.

“ಬ್ರೆಡ್,” ಎಂದೆ. “ಹಸಿವಾಗಬಾರದು ಅಂತ.”

“ಯಾರಿಗೆ?”

“ಅಂಗಿಗೆ.”

ಆಕೆ ನನ್ನನ್ನು ಮೊದಲ ಬಾರಿಗೆ ನೋಡಿದಳು. ನಗಲಿಲ್ಲ. ತನ್ನ ಉಣ್ಣೆಯಂಗಿಯನ್ನು ಬಿಚ್ಚಿ ಲೀಲಾಳಿಗೆ ತೊಡಿಸಿದಳು. ಆಮೇಲೆ ಹೇಳಿದಳು: ಸೋಮವಾರ ಬಾ. ಉಲ್ ಹಾಕಿಕೊಂಡು, ಬ್ಯಾಟರಿ ಇಲ್ಲದೆ. ಕಡೆಯ ಸಲ.

ಆ ಸೋಮವಾರ ಲೀಲಾ ಕಂಬಗಳನ್ನೆಲ್ಲ ನೋಡಿ ಮುಗಿಸಿ ಮೇಲೆ ಬಂದಳು. ಮೂಗು ಕೆಂಪಗಿತ್ತು, ಅಷ್ಟೇ. ಆಕೆಯ ಹೊಸ ಉಣ್ಣೆಯಂಗಿಯ ಸೊಂಟದ ಮಡಿಕೆಯಲ್ಲಿ, ರಬ್ಬರ್ ಪಟ್ಟಿಗಳಿಂದ ದೂರದಲ್ಲಿ, ಸಣ್ಣದೊಂದು ಗಂಟಿದೆ. ಇಂಗ್ರಿಡ್ ಅದನ್ನು ಮುಟ್ಟಿ ನೋಡಿಯೇ ಡ್ರೈಸೂಟಿನ ಜಿಪ್ಪು ಮುಚ್ಚಿದಳಂತೆ.

ಕರೆಂಟಿನ ಕುಬುಸ ಈಗ ನನ್ನ ಪಾಲಿಗೆ ಬಂದಿದೆ. ಅದನ್ನು ಸೀರೆಯೊಳಗೆ ತೊಟ್ಟು, ಆ ದರಿದ್ರ ಬ್ರೆಡ್ಡು ಹಿಡಿದು ಬಂದರು ಕಾಣುವ ಬಾಲ್ಕನಿಯಲ್ಲಿ ಕೂರುತ್ತೇನೆ. ಲೀಲಾ ಇಳಿದ ಕಡೆಗೆ ಕಣ್ಣು. ಸ್ವಿಚ್ಚು ಒತ್ತಿ ಕಾವು ಪೂರ್ತಿ ಏರಿ ಮೂರನೆಯ ದೀಪ ಹೊತ್ತಿದರೆ ಜೇವರ್ಗಿಯ ಏಪ್ರಿಲ್ ಬಿಸಿಲೇ, ಆದರೆ ಬೆನ್ನಿಗೆ ಮಾತ್ರ. ಮುಖಕ್ಕೆ ಇಲ್ಲಿನ ಗಾಳಿ ಬಡಿಯುತ್ತಲೇ ಇರುತ್ತದೆ. ಬ್ಯಾಟರಿ ಇರುವಷ್ಟು ಹೊತ್ತು ಹೀಗೆ ಕೂರುತ್ತೇನೆ. ಅದು ಸತ್ತ ಮೇಲೂ, ಅವಳು ಮೇಲೆ ಬರುವವರೆಗೆ.